ಮಗ್ಗದ ಕ್ಲಿಪ್ಪು

ಆಸ್ಪತ್ರೆಯ ಡ್ರಿಪ್ಪಿನಲ್ಲಿ ಹನಿಯ ವೇಗ ಹಿಡಿದಿಡುವ ಕ್ಲಿಪ್ಪು ಹೊಳೆದದ್ದು ವನಜಾಕ್ಷಿಗೆ. ಪೇಟೆಂಟ್ ಅರ್ಜಿ ಹೋದದ್ದು ಅವಳು ಕೆಲಸಕ್ಕಿದ್ದ ಕಂಪನಿಯ ಯಜಮಾನರ ಹೆಸರಿನಲ್ಲಿ. ಅರ್ಜಿಯನ್ನು ಅವಳ ಕೈಯಲ್ಲೇ ಬರೆಸಿಕೊಂಡು, ಮರುದಿನ ಅವಳನ್ನು ಒಗ್ಗರಣೆಯ ಕರಿಬೇವಿನಂತೆ ಕೆಲಸದಿಂದ ಎತ್ತಿ ಬಿಸಾಡಿದ್ದರು.

ಇಂದು ಪೇಟೆಂಟ್ ಕಚೇರಿಯ ವಿಚಾರಣೆಯಲ್ಲಿ ಅವಳು ತಕರಾರು ತೆಗೆದು, ಹಳೆಯ ಮಗ್ಗದ ಕ್ಯಾಟಲಾಗೊಂದನ್ನು ಅಧಿಕಾರಿಯ ಮುಂದಿಟ್ಟಳು. ನೂಲು ಬಿಗಿಹಿಡಿಯುವ ಅದೇ ಕ್ಲಿಪ್ಪು ಅದರಲ್ಲಿತ್ತು. ಅವಳಿಗೆ ಹೊಳೆದದ್ದೇ ಅದನ್ನು ನೋಡಿ. ಮೊದಲೇ ಇದ್ದದ್ದಕ್ಕೆ ಪೇಟೆಂಟ್ ಸಿಗದು.

ಯಜಮಾನರು ನಕ್ಕರು. “ಸಾರ್, ಮಗ್ಗಕ್ಕೂ ಆಸ್ಪತ್ರೆಗೂ ಏನ್ ಸಂಬಂಧ?”

ಅಧಿಕಾರಿ ಅರ್ಜಿಯ ಕೊನೆಯ ಪುಟ ತೆರೆದರು. “‘ಮಗ್ಗವೂ ಸೇರಿದಂತೆ ಸಕಲ ಯಂತ್ರಗಳಿಗೂ’ ಅಂತ ನೀವೇ ಹಕ್ಕು ಕೇಳಿದೀರಲ್ಲ?”

ಯಜಮಾನರು ಅವಳತ್ತ ತಿರುಗಿದರು. “ಮಗ್ಗ ಅಂತ ಯಾಕೆ ಬರೆದೆ?”

“ನೀವೇ ಹೇಳಿದ್ರಲ್ಲ ಸಾರ್, ಯಾರಿಗೂ ಏನೂ ಬಿಡ್ಬೇಡ ಅಂತ.”