ಎಂಬತ್ತಾರು ಕೊಡೆ

ಕೆಲಸದ ವೇಗ ಅಳೆಯಲು ಹೆಡ್ ಆಫೀಸಿನಿಂದ ಕೊಡೆ ಕಾರ್ಖಾನೆಗೆ ಬಂದ ಸ್ಟಾಪ್‌ವಾಚ್ ಸಾಹೇಬರು ಬೇರೆ ಯಾರ ಕಡೆಗೂ ನೋಡದೆ ನೇರವಾಗಿ ಅತ್ತೆಯ ಸ್ಟೂಲಿನ ಮುಂದೆ ನಿಂತರು. ಎರಡು ಸ್ಟೂಲು ಆಚೆ ಕುಳಿತಿದ್ದ ಸೊಸೆಯ ಸೂಜಿ ಬಟ್ಟೆಯನ್ನು ಬಿಟ್ಟು ಬೆರಳಿಗೆ ಚುಚ್ಚಿತು.

"ನಿನ್ನೆ ಎಂಬತ್ತಾರು ಕೊಡೆ ಹೊಲಿದವರು ನೀವೇನಾ ಅಮ್ಮಾ?"

"ಪುಸ್ತಕದಲ್ಲಿ ಹಾಗೆ ಬರೆದಿದ್ರೆ ನಾನೇ ಇರ್ಬೇಕು," ಎಂದರು ಅತ್ತೆ.

ಅವರು ನಿಜಕ್ಕೂ ಅತ್ತೆಯಾದದ್ದು ಸೊಸೆಯೊಬ್ಬಳಿಗೆ ಮಾತ್ರ. ಆದರೆ ಬೆಂಚಿನಲ್ಲಿದ್ದ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ವಯಸ್ಸಿನಲ್ಲಿ ಅವರಿಗಿಂತ ಹಿರಿಯನಾದ ಸೂಪರ್‌ವೈಸರ್ ಕೂಡ. ಬೆಂಚಿನಲ್ಲಿ ಹನ್ನೊಂದು ಹೆಂಗಸರು. ಕೊಡೆಯ ಎಂಟು ಕಡ್ಡಿಗಳ ತುದಿಗೆ ಬಟ್ಟೆಯನ್ನು ಬಿಗಿದು ಹೊಲಿಯುವುದು ಕೆಲಸ. ದಿನದ ಗುರಿ ಅರವತ್ತು. ಅರವತ್ತೆರಡು ಹೊಲಿಯಬಲ್ಲ ಕೈಗಳೂ ಅರವತ್ತನ್ನೇ ತೋರಿಸುತ್ತಿದ್ದವು. ಹೆಚ್ಚು ತೋರಿಸಿದರೆ ಮರುತಿಂಗಳು ಗುರಿಯೇ ಏರುತ್ತದೆಂದು ಎಲ್ಲರೂ ಬಲ್ಲರು. ಮೂರು ವರ್ಷಗಳ ಹಿಂದೆ ಅತ್ತೆ ಜ್ವರದಿಂದ ಎದ್ದು ಬಂದಾಗ ಅವರ ಲೆಕ್ಕ ನಲವತ್ತಕ್ಕೆ ಇಳಿಯಿತು, ಮತ್ತೆ ಏರಲಿಲ್ಲ. ಗುರಿ ಮುಟ್ಟದವರಿಗೆ ಸ್ಟೂಲೂ ಇಲ್ಲ, ಕೆಲಸವೂ ಇಲ್ಲ ಎಂಬುದು ಕಾರ್ಖಾನೆಯ ನಿಯಮ. ಅಂದಿನಿಂದ ಉಳಿದ ಹತ್ತು ಮಂದಿ ನೀರು ಕುಡಿಯಲು ಏಳುವ ನೆಪದಲ್ಲಿ ತಲಾ ಎರಡು ಕೊಡೆಗಳನ್ನು ಅತ್ತೆಯ ಬುಟ್ಟಿಗೆ ಸದ್ದಿಲ್ಲದೆ ಇಳಿಸಿ ಬರುತ್ತಿದ್ದರು. ಎರಡು ಹತ್ತಲಿ ಇಪ್ಪತ್ತು, ಲೆಕ್ಕ ಸರಿಹೋಗುತ್ತಿತ್ತು. ಅತ್ತೆಗೆ ಇದರ ಸುಳಿವಿಲ್ಲವೆಂದೇ ಎಲ್ಲರ ನಂಬಿಕೆ.

ನಿನ್ನೆ ಮಾತ್ರ ಲೆಕ್ಕ ಕೆಟ್ಟಿತು. ಅತ್ತೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರು. ಪಾಪ, ಇವತ್ತು ಎರಡು ಸಾಲದು ಎಂದು ಹತ್ತು ಮಂದಿಗೂ ಬೇರೆಬೇರೆಯಾಗಿ ಅನಿಸಿತು. ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಊಟವನ್ನು ಅರ್ಧಕ್ಕೇ ಮುಗಿಸಿ ಬಂದು, ತಲಾ ಐದು ಹಾಕಿದರು. ಅತ್ತೆಯ ಮೂವತ್ತಾರಕ್ಕೆ ಐವತ್ತು ಸೇರಿತು. ಬೆಂಚಿನಲ್ಲೇ ನಿಧಾನವೆನಿಸಿದ್ದ ಕೈ ಒಂದೇ ದಿನದಲ್ಲಿ ಇಡೀ ಕಾರ್ಖಾನೆಗೆ ಮೊದಲಾಯಿತು.

ಸಾಹೇಬರು ಒಂದು ಫಾರಂ ತೆಗೆದರು. "ಈ ವಯಸ್ಸಿನಲ್ಲಿ ಇಷ್ಟು ಹುರುಪು ಎಲ್ಲಿಂದ ಬರುತ್ತೆ ಅಮ್ಮಾ? ಬೋನಸ್ಸಾ, ಬಡ್ತಿಯಾ, ಹೊಗಳಿಕೆಯಾ? ಒಂದಕ್ಕೆ ಗುರುತು ಹಾಕ್ಬೇಕು."

"ಸೊಸೆ ಮೇಲಿನ ಸಿಟ್ಟು ಅಂತ ಇದ್ಯಾ ನೋಡಿ."

ಬೆಂಚಿಗೆ ಬೆಂಚೇ ನಕ್ಕಿತು. ಸಾಹೇಬರೂ ನಕ್ಕರು. "ಅದಿಲ್ಲ. ಇತರೆ ಅಂತ ಬರ್ಕೋತೀನಿ." ಬರೆದುಕೊಂಡು, ಜೇಬಿನಿಂದ ಸ್ಟಾಪ್‌ವಾಚ್ ಹೊರತೆಗೆದರು. "ನೀವು ಹೊಲಿಯೋ ರೀತಿ ನೋಡ್ಕೊಂಡು ಹೋಗ್ತೀನಿ. ಸೋಮವಾರದಿಂದ ಎಲ್ಲರಿಗೂ ಎಂಬತ್ತಾರೇ ಗುರಿ. ಒಬ್ಬರ ಕೈಯಲ್ಲಿ ಆಗೋದು ಉಳಿದವರಿಗೆ ಯಾಕಾಗಲ್ಲ?"

ನಗು ನಿಂತಿತು. ನಿಜ ಹೇಳಿದರೆ ನಾಳೆ ಅತ್ತೆಗೆ ಸ್ಟೂಲಿಲ್ಲ. ಸುಮ್ಮನಿದ್ದರೆ ಸೋಮವಾರದಿಂದ ಹನ್ನೊಂದು ಮಂದಿಗೂ ಉಸಿರಿಲ್ಲ. ಸೊಸೆ ಅರ್ಧ ಎದ್ದಳು. ಅತ್ತೆ ಕಣ್ಣಿನಲ್ಲೇ ಗದರಿ ಕೂರಿಸಿದರು.

ಪ್ಯಾಕಿಂಗಿಗೆ ಹೋಗದೆ ಉಳಿದಿದ್ದ ನಿನ್ನೆಯ ಬುಟ್ಟಿಗೆ ಅತ್ತೆ ಕೈ ಹಾಕಿದರು. ಒಂದು ಕೊಡೆಯನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟರು, ಇನ್ನೊಂದನ್ನೂ ಇಟ್ಟರು. ಮೂರನೆಯದನ್ನು ತೆಗೆದು ಸಾಹೇಬರ ಮುಖದೆದುರೇ ಫಟ್ಟೆಂದು ಬಿಚ್ಚಿದರು. ಎರಡು ಕಡ್ಡಿಗಳ ತುದಿಯಿಂದ ಬಟ್ಟೆ ಕಳಚಿ ಜೋತುಬಿತ್ತು.

"ಎಂಬತ್ತಾರು ಮಾಡೋಕೆ ಹೋದ್ರೆ ಹೀಗೆ. ಅಂಗಡಿಯಲ್ಲಿ ಬಿಚ್ಕೊಂಡ್ರೆ ಬೈಸಿಕೊಳ್ಳೋರು ನೀವು."

"ಸರಿಯಾಗಿ ಹೊಲಿದ್ರೆ ಎಷ್ಟಾಗುತ್ತೆ?"

"ಅರವತ್ತು. ಅರವತ್ತೊಂದರಿಂದ ಕೈ ಸುಳ್ಳು ಹೇಳೋಕೆ ಶುರು ಮಾಡುತ್ತೆ."

ಸಾಹೇಬರು ಜೋತುಬಿದ್ದ ಬಟ್ಟೆಯನ್ನು ಎಳೆದು ನೋಡಿ, ಸ್ಟಾಪ್‌ವಾಚನ್ನು ಜೇಬಿಗಿಳಿಸಿದರು. ಗುರಿ ಅರವತ್ತಕ್ಕೇ ನಿಂತಿತು. ಸೂಪರ್‌ವೈಸರ್ ಮಾತ್ರ ಪುಸ್ತಕದಲ್ಲಿ ಅತ್ತೆಯ ಹೆಸರಿನ ಮುಂದೆ ಕೆಟ್ಟ ಹೊಲಿಗೆಯ ಕೆಂಪು ಗುರುತು ಹಾಕಬೇಕಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಅದು ಮೊದಲನೆಯದು. ಹಾಕುವಾಗ ಅವನು ಅತ್ತೆಯ ಮುಖ ನೋಡಲಿಲ್ಲ.

ಸಂಜೆ ಇಬ್ಬರೂ ಮನೆಗೆ ನಡೆದು ಹೋಗುವಾಗ ಸೊಸೆಗೆ ತಡೆಯಲಾಗಲಿಲ್ಲ. "ನಿಮ್ಮ ಹೊಲಿಗೆ ಯಾವತ್ತೂ ಬಿಚ್ಚಿದ್ದಿಲ್ಲ. ನಮಗೋಸ್ಕರ ಹೆಸರು ಕೆಡಿಸ್ಕೊಂಡ್ರಲ್ಲ ಅತ್ತೆ."

"ಬಿಚ್ಚಿದ್ದು ನನ್ನ ಹೊಲಿಗೆ ಅಂತ ಯಾರು ಹೇಳಿದ್ರು? ಅದು ನಿಂದು."

ಸೊಸೆ ನಡುದಾರಿಯಲ್ಲೇ ನಿಂತುಬಿಟ್ಟಳು.

"ನಿಲ್ಬೇಡ, ನಡಿ. ಕದ್ದುಮುಚ್ಚಿ ಅವಸರದಲ್ಲಿ ಹೊಲೀತೀರಿ, ದಾರ ಬಿಗಿಯಾಗಿರಲ್ಲ. ಮೂರು ವರ್ಷದಿಂದ ದಿನಾ ಆ ಇಪ್ಪತ್ತನ್ನೂ ಬಿಚ್ಚಿ, ಮತ್ತೆ ಹೊಲಿದೇ ಕಳಿಸ್ತಿದೀನಿ. ನಿನ್ನೆ ಐವತ್ತು ಬಂದ್ವು, ಪೂರೈಸಲಿಲ್ಲ."

ಸೊಸೆ ಮನಸ್ಸಿನಲ್ಲೇ ನಲವತ್ತಕ್ಕೆ ಇಪ್ಪತ್ತನ್ನು ಕೂಡಿದಳು. "ಹಾಗಾದ್ರೆ ಅರವತ್ತೂ ನಿಮ್ಮೊಬ್ಬರ ಕೈಯಲ್ಲೇ ಆಗ್ತಿತ್ತು. ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ?"

ಅತ್ತೆ ಚೀಲವನ್ನು ನೋಯುವ ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

"ಎಷ್ಟೋ ಸಲ ಬಾಯಿ ತನಕ ಬಂದಿತ್ತು ಕಣೇ. ಆದ್ರೆ ದಿನಕ್ಕೆ ಅರವತ್ತೆರಡು ಹೊಲೀತೀರಿ. ನಗುಮುಖದಲ್ಲಿ ಹೊಲಿಯೋದು ಆ ಎರಡನ್ನ ಮಾತ್ರ."