ಹೂತ ಕಾಲುವೆಯ ನೀರು

ಕಮಲಾಪುರದ ಬತ್ತಿದ ಬಾವಿಯ ತಳದಲ್ಲಿ ನಿಂತು ಚಂದ್ರಶಾ ಹಾರೆ ಎತ್ತಿದ. ನಿಜಾಮರ ಆಳ್ವಿಕೆಯ ಕಲಬುರಗಿಯಲ್ಲಿ ಕಾಲೇಜು ಓದುತ್ತಿದ್ದ ಅವನು, ಸುಲ್ತಾನರ ಕಾಲದಲ್ಲಿ ನೆಲದಡಿ ತೋಡಿದ್ದ ಕಾಲುವೆಯನ್ನು ವರ್ಷವಿಡೀ ಹುಡುಕಿದ್ದ. ಬಾವಿಗಲ್ಲಿನ ಬರಹ ಓದಲು ಫಾರ್ಸಿ ಮಾಸ್ತರರು ಕಲಿಸಿದ್ದರು, ಮಣ್ಣಿನ ಪದರ ಗುರುತಿಸಲು ವಿಜ್ಞಾನದ ಮಾಸ್ತರರು. ಇಬ್ಬರೂ ಈಗ ಮೇಲಿನಿಂದ ಬಗ್ಗಿ ನೋಡುತ್ತಿದ್ದರು.

"ಮ್ಯಾಲ ಬಾರೋ! ಅಲ್ಲಿ ನೀರಿಲ್ಲಂತ ಊರೇ ಹೇಳ್ತದ," ಎಂದು ತಾಯಿ ದುಂಡಮ್ಮ ಕೂಗಿದಳು. ಬೇಸಿಗೆಯಲ್ಲಿ ಹರದಾರಿ ನಡೆದು ನೀರು ಹೊರುತ್ತಿದ್ದವಳು ಅವಳು.

"ಇನ್ನೊಂದ್ ಏಟು ಹಾಕ್ತೀನಿ, ಯವ್ವಾ!"

ಗೋಡೆಯ ಕಲ್ಲು ಒಳಕ್ಕೆ ಕುಸಿಯಿತು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು, ಹಿಂದೆಯೇ ನೀರು ನುಗ್ಗಿ ಅವನ ಮೊಣಕಾಲು ಮುಳುಗಿಸಿತು. ಮೇಲೆ ಮಾಸ್ತರರಿಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ದುಂಡಮ್ಮ ಊರಿನತ್ತ ತಿರುಗಿ ಕೂಗಿದಳು: "ಕೊಡ ತಗೊಂಡ್ ಬರ್ರೆವ್ವಾ! ನನ್ನ ಮಗ ನೀರು ಹುಡುಕ್ಯಾನ!"