ಲೋಹವಿಲ್ಲದ ಬೆಸುಗೆ

ಹೊಸ ಮ್ಯಾಗ್ನೆಟ್ ಹಾಕಿದ ದಿನವೇ ಪ್ರಯೋಗ ಕೈಕೊಟ್ಟಿತು.

ಮ್ಯಾಗ್ನೆಟ್ ಎಂದರೆ ಶೀಷೆಯೊಳಗೆ ಗಿರಗಿರ ತಿರುಗುತ್ತ ದ್ರಾವಣ ಕಲಕುವ ಪುಟ್ಟ ಬಿಳಿ ಗುಳಿಗೆ. ಇಂಗಾಲಕ್ಕೆ ಇಂಗಾಲವನ್ನು ಬೆಸೆಯಲು ನೀಲಿ ಬೆಳಕು ಕಣಗಳನ್ನು ಕೆರಳಿಸಬೇಕು, ಚಿಟಿಕೆ ನಿಕ್ಕಲ್ ಲೋಹ ಅವನ್ನು ಹಿಡಿದು ಜೋಡಿಸಬೇಕು ಎಂದು ಲೋಕವೆಲ್ಲ ನಂಬಿತ್ತು. 'ಲೋಹದ ಹಂಗೇ ಬೇಡ, ಬೆಳಕೊಂದೇ ಸಾಕು' ಎಂದು ಈ ಲ್ಯಾಬಿನ ಪ್ರೊಫೆಸರರು ಘೋಷಿಸಿ, ಲೇಖನ ಅಚ್ಚಾಗಿ, ಪ್ರಶಸ್ತಿಯೂ ನಿಗದಿಯಾಗಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಬೆಳಕಪ್ಪ ಎನ್ನುತ್ತಿದ್ದರು. ಪ್ರಯೋಗ ಮಾಡಿದವಳು ಅವರ ಸಂಶೋಧನಾ ವಿದ್ಯಾರ್ಥಿನಿ. ಅವಳ ಐದು ವರ್ಷದ ಡಾಕ್ಟರೇಟ್ ನಿಂತಿದ್ದೂ ಅದರ ಮೇಲೆಯೇ. ಮನೆಯಲ್ಲಿ ಅಪ್ಪ ಆಗಲೇ ನೆಂಟರಿಗೆಲ್ಲ 'ನಮ್ಮ ಮಗಳು ಡಾಕ್ಟ್ರು' ಎಂದು ಡಂಗುರ ಹೊಡೆದಿದ್ದರು.

ಹಳೆಯ ಮ್ಯಾಗ್ನೆಟ್ ಹಾಕಿದರೆ ನೂರಕ್ಕೆ ತೊಂಬತ್ತು ಪಾಲು ಬೆಸುಗೆಯಾಯಿತು. ಹೊಸದು ಹಾಕಿದರೆ ಸೊನ್ನೆ. ಮೂರು ಸಲ ಮಾಡಿದರೂ ಅದೇ ಹಾಡು. ಹಳೆಯದು ಹಿಂದಿನವರು ವರ್ಷಗಟ್ಟಲೆ ನಿಕ್ಕಲ್ ಕಲಕಿದ ಮ್ಯಾಗ್ನೆಟ್. ಎಷ್ಟು ತೊಳೆದರೂ ಲೋಹ ಅದರ ಮೈಗೆ ಅಂಟಿಕೊಂಡೇ ಇತ್ತು.

"ಸರ್, ಲೋಹ ಇದೆ. ನಮ್ಮ ಹಳೇ ಮ್ಯಾಗ್ನೆಟ್‌ನಿಂದ ಬರ್ತಿದೆ."

ಬೆಳಕಪ್ಪನವರು ಪ್ರಶಸ್ತಿ ಸಮಾರಂಭಕ್ಕೆ ಕೋಟು ಹೊಲಿಸಲು ಅಳತೆ ಕೊಡುತ್ತಿದ್ದರು. ದರ್ಜಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. "ಬೇರೆ ಯಾರಿಗಾದ್ರೂ ಹೇಳಿದ್ಯೇನಮ್ಮ?"

"ಇಲ್ಲ ಸರ್. ಆದ್ರೆ ಬೇರೆಯವರು ಮಾಡಿ ನೋಡಿದ್ರೆ ಬರಲ್ವಲ್ಲ?"

"ಬರ್ದಿದ್ರೆ ಅವರಿಗೆ ಕೈಗುಣ ಇಲ್ಲ ಅಂತೀವಿ. ನೀನು ಸುಮ್ನೆ ಥೀಸಿಸ್ ಬರಿ. ಆ ಮ್ಯಾಗ್ನೆಟ್ ಮಾತ್ರ ಇನ್ಮೇಲೆ ತೊಳೀಬೇಡ."

ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬರೆದಳು. ಯಾರಾದರೂ ದೊಡ್ಡವರು ಮಾಡಿ ಸೋತು ಗುಟ್ಟು ರಟ್ಟಾಗಲಿ, ತಾನು ಹೇಳುವುದು ತಪ್ಪಲಿ ಎಂಬ ಪುಕ್ಕಲು ಆಸೆ ಒಳಗೊಳಗೇ ಇತ್ತು. ತಿಂಗಳೊಳಗೆ ಹೆಸರಾಂತ ಪ್ರಯೋಗಾಲಯವೊಂದರಿಂದ ಪತ್ರ ಬಂತು: 'ನಿಮ್ಮ ವಿಧಾನ ನಮ್ಮಲ್ಲೂ ಸೊಗಸಾಗಿ ನಡೆಯಿತು. ತೊಂಬತ್ತೆರಡು ಪಾಲು.' ಪ್ರೊಫೆಸರರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಪತ್ರದ ಕೆಳಗಿದ್ದ ನಂಬರಿಗೆ ಅವಳು ಫೋನು ಮಾಡಿದಳು. ಎತ್ತಿದವಳು ಅಲ್ಲಿ ಆ ಪ್ರಯೋಗ ಮಾಡಿದ ವಿದ್ಯಾರ್ಥಿನಿ.

"ನೀವು ಹಾಕಿದ್ದು ಹೊಸ ಮ್ಯಾಗ್ನೆಟ್ಟಾ, ಹಳೇದಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಪಿಸುದನಿ ಬಂತು: "ಹಳೇದೇ ಅಕ್ಕಾ. ಹೊಸದ್ರಲ್ಲಿ ಬರಲ್ಲ ಅಂತ ಇಲ್ಲಿ ಎಲ್ರಿಗೂ ಗೊತ್ತು. ನೀವೇ ಮೊದಲು ಬಾಯಿ ಬಿಡ್ತೀರ ಅಂತ ಕಾಯ್ತಾ ಇದೀವಿ."